ಬಾಗಿಲು ತೆರೆದ ಕಾವಲುಗಾರ: ಏಳು ಪುಟದ ಪೂರ್ವಕಥೆ ಒಂದು ಪುಟವಾದ ಪ್ರಕರಣ

ಈ ಪ್ರಕರಣದ ನಾಯಕ ವರೇಕ್ ಎಂಬ ಯೋಧ. ಮೇಜಿನ ಸುತ್ತ ಕುಳಿತು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಆಡುವ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಆಟದ ಐದನೇ ಆವೃತ್ತಿಯ, ಅಂದರೆ 2014ರಲ್ಲಿ ಬಂದ ನಿಯಮಗಳಂತೆ ರೂಪಿಸಿದ ಒಂದನೇ ಲೆವೆಲ್‌ನ ಫೈಟರ್. ಅವನನ್ನು ಆಡಿಸಬೇಕಿದ್ದ ಆಟಗಾರ್ತಿ ನಮ್ಮ ಮೇಜಿಗೆ ಹೊಸಬರು, ಆದರೆ ಬರವಣಿಗೆಯಲ್ಲಿ ಪಳಗಿದವರು. ಮೊದಲ ಸೆಷನ್‌ಗೆ ಮುನ್ನ, ಡಿಎಂ, ಅಂದರೆ ಆಟ ನಡೆಸುವವ, ಆಗಿದ್ದ ನನಗೆ ಏಳು ಪುಟಗಳ ಪೂರ್ವಕಥೆ ಕಳುಹಿಸಿದರು. ಕೊನೆಗೆ ಆಟಕ್ಕೆ ಬಂದದ್ದು ಒಂದು ಪುಟಕ್ಕೂ ಕಡಿಮೆ. ಈ ನಡುವೆ ಏನನ್ನು ಬಿಟ್ಟೆವು, ಏನನ್ನು ಉಳಿಸಿಕೊಂಡೆವು, ಉಳಿದದ್ದು ಆಟದಲ್ಲಿ ಹೇಗೆ ದುಡಿಯಿತು ಎಂಬುದನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ಪಾತ್ರಕ್ಕೆ ಏನೇನು ಆಯಿತು ಎಂಬುದಕ್ಕಿಂತ ಪಾತ್ರ ತಾನಾಗಿ ಏನು ಮಾಡಿತು ಎಂಬುದೇ ಆಟಕ್ಕೆ ಬೇಕಾದ ಪೂರ್ವಕಥೆ ಎಂದು ನಾನು ನಂಬಿದ್ದೇನೆ. ವರೇಕ್‌ನ ಪ್ರಕರಣ ಆ ನಂಬಿಕೆಯನ್ನು ಗಟ್ಟಿ ಮಾಡಿತು.

ಮೊದಲ ಕರಡು

ಏಳು ಪುಟಗಳ ಸಾರ ಹೀಗಿತ್ತು. ಬೆಟ್ಟದ ತಪ್ಪಲಿನ ಹಳ್ಳಿಯಲ್ಲಿ ವರೇಕ್ ಹುಟ್ಟುತ್ತಾನೆ. ಅವನ ಬಾಲ್ಯದಲ್ಲೇ ಓರ್ಕ್ ಎಂಬ ರಕ್ಕಸರ ದಂಡು ಹಳ್ಳಿಯನ್ನು ಸುಟ್ಟು ಬೂದಿ ಮಾಡುತ್ತದೆ. ತಂದೆ, ತಾಯಿ, ತಂಗಿ ಎಲ್ಲರೂ ಸಾಯುತ್ತಾರೆ. ಕಾಡಿನಲ್ಲಿ ಸಿಕ್ಕ ಮುದಿ ಯೋಧನೊಬ್ಬ ಅವನಿಗೆ ಕತ್ತಿವರಸೆ ಕಲಿಸುತ್ತಾನೆ; ಕಪ್ಪು ಕವಚದ ಸೇನಾಪತಿಯೊಬ್ಬ ಆ ಗುರುವನ್ನೂ ಕೊಲ್ಲುತ್ತಾನೆ. ವರೇಕ್ ಸೈನ್ಯ ಸೇರುತ್ತಾನೆ, ಗಡಿಕೋಟೆಯೊಂದರಲ್ಲಿ ಕಾವಲಿಗೆ ನಿಲ್ಲುತ್ತಾನೆ, ಆ ಕೋಟೆ ಬೀಳುತ್ತದೆ, ಅವನೊಬ್ಬನೇ ಬದುಕಿ ಉಳಿಯುತ್ತಾನೆ. ಅನಂತರ ಮೂರು ಯುದ್ಧಗಳು, ಒಂದು ಡ್ರ್ಯಾಗನ್ ಜೊತೆ ಕಾಳಗ, ಕೊನೆಯಲ್ಲಿ ಸೇಡಿನ ಪ್ರತಿಜ್ಞೆ.

ಬರವಣಿಗೆ ಸೊಗಸಾಗಿತ್ತು. ಹೊತ್ತಿ ಉರಿಯುವ ಕಣಜದ ವರ್ಣನೆಯನ್ನು ನಾನು ಎರಡೆರಡು ಬಾರಿ ಓದಿದೆ. ಕಥೆಯಾಗಿ ಅದು ನಿಲ್ಲುತ್ತಿತ್ತು. ಆದರೆ ಆಟಕ್ಕೆ ಅದರಿಂದ ಹೆಚ್ಚೇನೂ ಸಿಗುತ್ತಿರಲಿಲ್ಲ.

ಮೊದಲ ಕಾರಣ ಸರಳ ಲೆಕ್ಕ. ಒಂದನೇ ಲೆವೆಲ್‌ನ ಫೈಟರ್‌ಗೆ ಸಿಗುವ ಹಿಟ್ ಪಾಯಿಂಟ್, ಅಂದರೆ ಏಟು ತಾಳುವ ಶಕ್ತಿಯ ಅಂಕ, 10; ಅದಕ್ಕೆ ದೇಹದಾರ್ಢ್ಯದ (ಕಾನ್‌ಸ್ಟಿಟ್ಯೂಷನ್) ಮಾಡಿಫೈಯರ್ ಸೇರುತ್ತದೆ. ವರೇಕ್‌ಗೆ ಒಟ್ಟು 12 ಇತ್ತು. ಆಟದ ಅತಿ ಸಾಮಾನ್ಯ ಶತ್ರುವಾದ ಗಾಬ್ಲಿನ್‌ನ ಕತ್ತಿ ಒಂದೇಟಿಗೆ 3ರಿಂದ 8ರವರೆಗೆ ಕಳೆಯಬಲ್ಲದು. ಎರಡು ಏಟು ಸರಿಯಾಗಿ ಬಿದ್ದರೆ ಮೂರು ಯುದ್ಧ ಕಂಡವನು, ಡ್ರ್ಯಾಗನ್‌ಗೆ ಎದೆಯೊಡ್ಡಿದವನು ನೆಲಕ್ಕುರುಳುತ್ತಾನೆ. ಬರೆದ ಮನುಷ್ಯನಿಗೂ ಆಡುವ ಮನುಷ್ಯನಿಗೂ ತಾಳೆಯಾಗದಿದ್ದರೆ, ಆಟಗಾರರು ಮೊದಲ ಕಾಳಗದಲ್ಲೇ ತಮ್ಮ ಪೂರ್ವಕಥೆಯ ಮೇಲಿನ ನಂಬಿಕೆ ಕಳೆದುಕೊಳ್ಳುತ್ತಾರೆ. ಒಂದನೇ ಲೆವೆಲ್ ಎಂದರೆ ಬದುಕಿನ ದೊಡ್ಡ ಸಾಹಸಗಳು ಇನ್ನೂ ಮುಂದಿವೆ ಎಂದರ್ಥ. ಅವನ್ನು ಹಿಂದಕ್ಕೆ ತಳ್ಳಿಬಿಟ್ಟರೆ ಮೇಜಿನ ಸುತ್ತ ಕುಳಿತವರಿಗೆ ಉಳಿಯುವುದೇನು?

ಎರಡನೆಯದು ಇನ್ನೂ ಗಂಭೀರ. ಈ ಕಥೆಯಲ್ಲಿ ಬದುಕಿರುವವರು ಯಾರೂ ಇಲ್ಲ. ಸತ್ತವರು ಬಾಗಿಲು ತಟ್ಟುವುದಿಲ್ಲ, ಸಾಲ ಕೇಳುವುದಿಲ್ಲ, ಪತ್ರ ಬರೆಯುವುದಿಲ್ಲ, ಎದುರು ನಿಂತು ಸುಳ್ಳು ಹೇಳುವುದಿಲ್ಲ. ಉಳಿದವನು ಕಪ್ಪು ಕವಚದ ಸೇನಾಪತಿ ಒಬ್ಬನೇ. ಅವನನ್ನು ಬೇಗ ತಂದರೆ ವರೇಕ್‌ನ ಕಥೆ ಮುಗಿಯಿತು, ತಡವಾಗಿ ತಂದರೆ ಅಲ್ಲಿಯವರೆಗೆ ವರೇಕ್‌ಗೆ ಹಲ್ಲು ಕಚ್ಚಿಕೊಂಡು ಓಡಾಡುವುದರ ಹೊರತು ಬೇರೆ ಕೆಲಸವಿಲ್ಲ.

ಮೂರನೆಯದು ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು. ಏಳು ಪುಟಗಳುದ್ದಕ್ಕೂ ಕ್ರಿಯಾಪದಗಳನ್ನು ಗಮನಿಸುತ್ತ ಹೋದೆ. ಸುಟ್ಟರು, ಕೊಂದರು, ಕಲಿಸಿದರು, ಕಸಿದುಕೊಂಡರು. ಮಾಡಿದವರೆಲ್ಲ ಬೇರೆಯವರು. ವರೇಕ್ ನೋಡುತ್ತಾನೆ, ನೋಯುತ್ತಾನೆ, ಪ್ರತಿಜ್ಞೆ ಮಾಡುತ್ತಾನೆ. ಅವನ ಜಾಗದಲ್ಲಿ ಬೇರೆ ಯಾರನ್ನು ನಿಲ್ಲಿಸಿದರೂ ಕಥೆ ಹೀಗೇ ನಡೆಯುತ್ತಿತ್ತು. ದುಃಖ ಎಷ್ಟು ದೊಡ್ಡದಾದರೂ ಅದರಿಂದಷ್ಟೇ ಸ್ವಭಾವ ಹುಟ್ಟುವುದಿಲ್ಲ.

ಐದನೇ ಪುಟದ ಒಂದು ವಾಕ್ಯ

ಐದನೇ ಪುಟದಲ್ಲಿ, ಕೋಟೆ ಬಿದ್ದ ಪ್ರಸಂಗದ ಮಧ್ಯೆ, ಹೀಗೊಂದು ವಾಕ್ಯವಿತ್ತು: "ಆ ರಾತ್ರಿ ಹೊರಗೆ ಅಳುತ್ತಿದ್ದವರಿಗಾಗಿ ವರೇಕ್ ಬಾಗಿಲು ತೆರೆದಿದ್ದ, ಬೆಳಗಾಗುವಷ್ಟರಲ್ಲಿ ಕೋಟೆ ಶತ್ರುವಿನ ಕೈಯಲ್ಲಿತ್ತು." ಅಷ್ಟೇ. ಮರುವಾಕ್ಯದಲ್ಲಿ ಕಥೆ ಮುಂದಿನ ಯುದ್ಧದ ಕಡೆ ಹೊರಟುಹೋಗಿತ್ತು.

ನಾವಿಬ್ಬರೂ ಮಾತಿಗೆ ಕುಳಿತಾಗ ನಾನು ಆ ವಾಕ್ಯಕ್ಕೆ ಬೆರಳಿಟ್ಟು ಕೇಳಿದೆ: "ಬಾಗಿಲು ತೆರೆಯಬಾರದೆಂಬ ಆಜ್ಞೆ ಇತ್ತೇ?"

"ಇದ್ದಿರಬೇಕು. ಮುತ್ತಿಗೆಯ ಸಮಯವಲ್ಲವೇ?"

"ಹಾಗಾದರೆ ಅವನು ಆಜ್ಞೆ ಮೀರಿದ. ಏಕೆ?"

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಅಳುತ್ತಿದ್ದವರಲ್ಲಿ ಒಂದು ಮಗುವಿನ ದನಿ ಇತ್ತು. ಅವನಿಗೆ ತಂಗಿಯ ನೆನಪಾಯಿತು."

"ಬಂದವರಿಂದಲೇ ಕೋಟೆ ಬಿತ್ತೇ?"

"ಅವನಿಗೆ ಗೊತ್ತಿಲ್ಲ." ಆಮೇಲೆ ನಿಧಾನವಾಗಿ ಸೇರಿಸಿದರು: "ಅದೇ ಅವನನ್ನು ಮಲಗಲು ಬಿಡುವುದಿಲ್ಲ."

ಪೂರ್ವಕಥೆ ಅಲ್ಲಿ ಸಿಕ್ಕಿತು. ಆಜ್ಞೆ ಒಂದು ಕಡೆ, ಅಳು ಇನ್ನೊಂದು ಕಡೆ. ನಡುವೆ ಅಗುಳಿಯ ಮೇಲೆ ಅವನ ಕೈ. ಆ ಕೈ ಅಗುಳಿಯನ್ನು ಸರಿಸಿತು. ಅದು ಸರಿಯೋ ತಪ್ಪೋ ಎಂದು ಹೇಳಲಾಗದು, ಆದರೆ ಅದು ಅವನದೇ. ಉಳಿದ ಆರು ಪುಟಗಳು ಅಳಿಸಿಹೋದರೂ ವರೇಕ್ ಯಾರೆಂದು ನಮಗೆ ತಿಳಿಯುತ್ತಿತ್ತು. ಮೊದಲ ಕರಡಿನ ಶ್ರಮ ಹಾಳಾಯಿತೆಂದು ಯಾರೂ ಭಾವಿಸಬೇಕಿಲ್ಲ. ಆ ವಾಕ್ಯ ತಾನಾಗಿ ಬಂದದ್ದು ಅಷ್ಟು ಬರೆದದ್ದರಿಂದಲೇ. ಬೇಕಾದಷ್ಟು ಉದ್ದ ಬರೆಯಿರಿ, ಆದರೆ ಮೇಜಿಗೆ ತರುವಾಗ ಪಾತ್ರ ತಾನೇ ಆಯ್ಕೆ ಮಾಡಿದ ಕ್ಷಣವನ್ನು ಹುಡುಕಿ ತನ್ನಿ ಎಂದು ನಾನು ಹೊಸ ಆಟಗಾರರಿಗೆ ಹೇಳುವುದು ಇದಕ್ಕೇ.

ಬದುಕಿ ಉಳಿದವರು

ಮುಂದಿನ ಪ್ರಶ್ನೆ: ಆ ರಾತ್ರಿಯಿಂದ ಯಾರು ಯಾರು ಬದುಕಿ ಬಂದರು?

ಇಲ್ಲಿ ಆಟಗಾರ್ತಿ ಹಿಂಜರಿದರು. ತಂಗಿಯನ್ನು ಬದುಕಿಸೋಣ ಎಂದಾಗ ಅವರು ಹೇಳಿದ್ದು ನೆನಪಿನಲ್ಲಿಡುವಂಥ ಮಾತು: "ಬದುಕಿಸಿದರೆ ನೀವು ಅವಳನ್ನು ಅಪಹರಿಸುತ್ತೀರಿ. ಇಲ್ಲವೇ ಕೊಲ್ಲುತ್ತೀರಿ. ಮೊದಲೇ ಸತ್ತಿದ್ದರೆ ಆ ನೋವಿಲ್ಲ." ಇಷ್ಟೊಂದು ಆಟಗಾರರು ಅನಾಥ ಪಾತ್ರಗಳನ್ನೇ ತರುವುದು ಕಲ್ಪನೆಯ ಕೊರತೆಯಿಂದಲ್ಲ, ಭಯದಿಂದ. ತಮ್ಮ ಪ್ರೀತಿಪಾತ್ರರನ್ನು ಡಿಎಂ ಒತ್ತೆಯಾಗಿ ಬಳಸುತ್ತಾರೆಂಬುದನ್ನು ಅವರು ಬೇರೆ ಮೇಜುಗಳಲ್ಲಿ ಅನುಭವಿಸಿ ಕಲಿತಿರುತ್ತಾರೆ. ಆ ಭಯ ಹೋಗಬೇಕಾದರೆ ಡಿಎಂ ಬಾಯಿಬಿಟ್ಟು ಮಾತು ಕೊಡಬೇಕು. ನಾನು ಕೊಟ್ಟೆ: ಆಟಗಾರ್ತಿಯ ಒಪ್ಪಿಗೆಯಿಲ್ಲದೆ ತಂಗಿ ಸಾಯುವುದಿಲ್ಲ, ಸೆರೆಯಾಗುವುದಿಲ್ಲ. ಆಕೆ ಕೋಪ ಮಾಡಿಕೊಳ್ಳಬಹುದು, ಮದುವೆಯಾಗಬಹುದು, ಅಣ್ಣನಿಗೆ ಇಷ್ಟವಿಲ್ಲದ ಪಕ್ಷ ಸೇರಬಹುದು. ಹೀಗೆ ಇಲ್ಯಾ ಎಂಬ ತಂಗಿ ಹುಟ್ಟಿದಳು. ಹಳ್ಳಿಯೂ ಸುಡದೆ ಉಳಿಯಿತು. ಅಣ್ಣ ತಿಂಗಳ ಸಂಬಳದಲ್ಲಿ ಕಳುಹಿಸುತ್ತಿದ್ದ ಹಣ ಏಕೆ ನಿಂತಿತು ಎಂದು ಕೇಳಿ ಅವಳು ಬರೆದ ಪತ್ರ ವರೇಕ್‌ನ ಚೀಲದಲ್ಲಿದೆ, ಉತ್ತರ ಬರೆದಿಲ್ಲ.

ಎರಡನೆಯವನು ಓಸ್ವಿನ್, ಕೋಟೆಯ ದಳಪತಿ. ಬಾಗಿಲು ತೆರೆದದ್ದು ವರೇಕ್ ಎಂದು ಅವನಿಗೆ ಗೊತ್ತು. ವಿಚಾರಣೆಯಲ್ಲಿ "ಆಜ್ಞೆ ಕೊಟ್ಟವನು ನಾನೇ" ಎಂದು ಹೇಳಿ ದರ್ಜೆ ಕಳೆದುಕೊಂಡ. ಏಕೆ ಹಾಗೆ ಹೇಳಿದನೋ ವರೇಕ್‌ಗೆ ಗೊತ್ತಿಲ್ಲ. ಕೇಳುವ ಮೊದಲೇ ವರೇಕ್ ದಂಡನ್ನು ಬಿಟ್ಟು ಓಡಿದ್ದಾನೆ.

ಕಪ್ಪು ಕವಚದ ಸೇನಾಪತಿಯನ್ನು ಕೈಬಿಟ್ಟೆವು. ಅವನು ಹೋದದ್ದು ಯಾರಿಗೂ ತಿಳಿಯಲಿಲ್ಲ.

ಪಾತ್ರದ ವಿವರಗಳ ಶೀಟ್‌ನಲ್ಲಿರುವುದನ್ನು ಕಥೆಗೆ ತಂದದ್ದು

ಐದನೇ ಆವೃತ್ತಿಯ ಆಟಗಾರರ ಕೈಪಿಡಿಯಲ್ಲಿ 13 ಹಿನ್ನೆಲೆಗಳು, ಅಂದರೆ ಪಾತ್ರ ಹಿಂದೆ ಬಾಳಿದ ಬದುಕಿನ ಬಗೆಗಳು, ಇದ್ದವು; ಸೈನಿಕ ಅವುಗಳಲ್ಲೊಂದು. ಪ್ರತಿ ಹಿನ್ನೆಲೆಗೂ ಸ್ವಭಾವ, ಆದರ್ಶ, ಬಂಧ, ದೋಷ ಎಂಬ ನಾಲ್ಕು ಪಟ್ಟಿಗಳು. ದಾಳ ಹಾಕಿ ಆರಿಸಬಹುದು, ಓದಿ ಆರಿಸಬಹುದು, ತಾವೇ ಬರೆಯಬಹುದು. ಬಹಳಷ್ಟು ಜನ ಇವನ್ನು ಭರ್ತಿ ಮಾಡಬೇಕಾದ ಅರ್ಜಿಯಂತೆ ನೋಡಿ ಮರೆತುಬಿಡುತ್ತಾರೆ. ನಮಗೆ ಅವು ಬಹಳ ಉಪಯೋಗಕ್ಕೆ ಬಂದವು.

ಸೈನಿಕನ ದೋಷಗಳಲ್ಲಿ ಒಂದರ ಭಾವ ಹೀಗಿದೆ: ಯುದ್ಧದಲ್ಲಿ ನಾನು ಮಾಡಿದ ಘೋರ ತಪ್ಪಿನಿಂದ ಅನೇಕರ ಪ್ರಾಣ ಹೋಯಿತು, ಅದನ್ನು ಮುಚ್ಚಿಡಲು ಏನು ಬೇಕಾದರೂ ಮಾಡುತ್ತೇನೆ. ಇದು ವರೇಕ್‌ಗೆಂದೇ ಬರೆದಂತಿತ್ತು. ಆದರ್ಶಗಳ ಪಟ್ಟಿಯಲ್ಲಿ ಪರಸ್ಪರ ಎದುರಾಗುವ ಎರಡಿವೆ. ಒಂದು, ನ್ಯಾಯವಾದ ಅಧಿಕಾರಕ್ಕೆ ತಲೆಬಾಗಿ ಕರ್ತವ್ಯ ಮಾಡುವುದು. ಇನ್ನೊಂದು, ಕಣ್ಣು ಮುಚ್ಚಿ ಆಜ್ಞೆ ಪಾಲಿಸುವುದೇ ದಬ್ಬಾಳಿಕೆಗೆ ದಾರಿ ಎಂಬ ನಂಬಿಕೆ. ಆ ರಾತ್ರಿ ವರೇಕ್ ಎರಡನೆಯದರಂತೆ ನಡೆದ. ಆಟಗಾರ್ತಿ ಮಾತ್ರ ಮೊದಲನೆಯದನ್ನು ಆರಿಸಿಕೊಂಡರು: "ಒಮ್ಮೆ ಮೀರಿ ಅವನು ಹೆದರಿದ್ದಾನೆ. ಈಗ ಆಜ್ಞೆಗೆ ಅಂಟಿಕೊಂಡಿದ್ದಾನೆ." ಇಂಥ ಆಯ್ಕೆಯನ್ನು ಯಾವ ಪಟ್ಟಿಯೂ ಮಾಡಿಕೊಡುವುದಿಲ್ಲ, ಇದು ಪೂರ್ತಿ ಅವರದೇ ಪ್ರತಿಭೆ.

ಸೈನಿಕನಿಗೆ ಹಿನ್ನೆಲೆಯಿಂದ ಸಿಗುವ ಸಾಮಾನುಗಳಲ್ಲಿ ದರ್ಜೆಯ ಲಾಂಛನವಿದೆ, 10 ಚಿನ್ನದ ನಾಣ್ಯಗಳ ಚೀಲವಿದೆ, ಸತ್ತ ಶತ್ರುವಿನಿಂದ ತಂದ ಒಂದು ಗುರುತಿದೆ: ಬಾಕು, ಮುರಿದ ಅಲಗು ಅಥವಾ ಬಾವುಟದ ತುಂಡು. ವರೇಕ್ ಬಾವುಟದ ತುಂಡನ್ನು ಆರಿಸಿದ. ಅದು ಎಲ್ಲಿ ಸಿಕ್ಕಿತು ಎಂದು ಕೇಳಿದೆ. ನಿರಾಶ್ರಿತರು ಬಿಟ್ಟುಹೋದ ಬಟ್ಟೆಗಂಟಿನಲ್ಲಿ ಎಂದರು. ಅಂದರೆ ಒಳಗೆ ಬಂದವರ ಗಂಟಿನಲ್ಲೇ ಶತ್ರುವಿನ ಬಾವುಟ. ಒಂದು ಸಾಮಾನು ಇಡೀ ಅನುಮಾನವನ್ನು ಹೊತ್ತುಕೊಂಡಿತು.

ಇನ್ನೊಂದು ವಿಷಯ. ಸೈನಿಕ ಹಿನ್ನೆಲೆಯ ವಿಶೇಷ ಸೌಲಭ್ಯವೆಂದರೆ ಸೇನಾ ದರ್ಜೆ. ಹಳೆಯ ದಂಡಿನವರು ಪಾತ್ರದ ಅಧಿಕಾರವನ್ನು ಮನ್ನಿಸುತ್ತಾರೆ. ಅದನ್ನು ಬಳಸಿ ಸಣ್ಣಪುಟ್ಟ ಸಾಮಾನು, ಕುದುರೆಗಳನ್ನು ತಾತ್ಕಾಲಿಕವಾಗಿ ಪಡೆಯಬಹುದು. ದಂಡು ಬಿಟ್ಟು ಓಡಿದವನಿಗೆ ಇದು ಹೇಗೆ ಸಲ್ಲುತ್ತದೆ? ಸೌಲಭ್ಯವನ್ನು ಕಿತ್ತುಕೊಳ್ಳುವುದು ಅನ್ಯಾಯ, ಏಕೆಂದರೆ ನಿಯಮ ಅದನ್ನು ಕೊಟ್ಟಿದೆ. ನಾವು ಕಂಡುಕೊಂಡ ದಾರಿ: ಅವನು ಓಡಿಹೋದ ಸುದ್ದಿ ಇನ್ನೂ ಎಲ್ಲ ಠಾಣೆಗಳಿಗೂ ತಲುಪಿಲ್ಲ. ಸೌಲಭ್ಯ ನಿಯಮದಂತೆಯೇ ಕೆಲಸ ಮಾಡುತ್ತದೆ. ಆದರೆ ಪ್ರತಿ ಬಾರಿ ಬಳಸುವಾಗಲೂ ವರೇಕ್ ಸುಳ್ಳು ಹೇಳುತ್ತಿದ್ದಾನೆ, ಅದು ಅವನಿಗೆ ಗೊತ್ತು.

2024ರಲ್ಲಿ ಪರಿಷ್ಕೃತ ಕೈಪಿಡಿ ಬಂದಾಗ ಹಿನ್ನೆಲೆಗಳು 16 ಆದವು. ಸಾಮರ್ಥ್ಯದ ಅಂಕಗಳ ಏರಿಕೆ ಮತ್ತು ಒಂದು ಆರಂಭಿಕ ಫೀಟ್ (ವಿಶೇಷ ಕೌಶಲ) ಅವುಗಳಿಗೆ ಸೇರಿಕೊಂಡವು, ಹಿನ್ನೆಲೆಗಳಿಗೆ ಅಂಟಿಕೊಂಡಿದ್ದ ಆ ನಾಲ್ಕು ಪಟ್ಟಿಗಳು ಹೋದವು. ಲೆಕ್ಕ ಅಚ್ಚುಕಟ್ಟಾಯಿತು, ನಿಜ. ಆದರೂ ಹಳೆಯ ಪಟ್ಟಿಗಳನ್ನು ನಾನು ಈಗಲೂ ಮೇಜಿನ ಮೇಲಿಡುತ್ತೇನೆ. ಬರೆಯಲು ಅಂಜುವವರಿಗೆ ಹಿಡಿದುಕೊಳ್ಳಲು ಏನಾದರೂ ಬೇಕು.

ಇನ್ನೊಬ್ಬರ ಮೂರು ಸಾಲು

ಅದೇ ಮೇಜಿನಲ್ಲಿ ಕ್ಲೆರಿಕ್, ಅಂದರೆ ದೇವರಿಂದ ಶಕ್ತಿ ಪಡೆಯುವ ಪಾತ್ರ, ಆಡುವ ಆಟಗಾರರೊಬ್ಬರು ತಮ್ಮ ಪೂರ್ವಕಥೆಯನ್ನು ಮೂರೇ ಸಾಲಿನಲ್ಲಿ ಮುಗಿಸಿದ್ದರು. ಒಬ್ಬರದು ಏಳು ಪುಟ, ಇನ್ನೊಬ್ಬರದು ಮೂರು ಸಾಲು ಎಂದಾದರೆ ಆಟದ ಗಮನ ತಾನಾಗಿ ಏಳು ಪುಟದ ಕಡೆ ವಾಲುತ್ತದೆ. ಮೂರು ಸಾಲಿನವರು ತಮ್ಮದೇ ಆಟದಲ್ಲಿ ಅತಿಥಿಗಳಾಗುತ್ತಾರೆ. ಎಲ್ಲರಿಗೂ ಒಂದು ಪುಟದ ಮಿತಿ ಹಾಕುವುದಕ್ಕೆ ನನ್ನ ಮುಖ್ಯ ಕಾರಣವೇ ಇದು.

ಫೇಟ್ ಎಂಬ ಆಟದಲ್ಲಿ ಇದಕ್ಕೆ ಒಳ್ಳೆಯ ಪದ್ಧತಿಯಿದೆ. ಪಾತ್ರ ಕಟ್ಟುವಾಗಲೇ ಪ್ರತಿಯೊಬ್ಬರೂ ತಮ್ಮ ಪಾತ್ರದ ಒಂದು ಹಳೆಯ ಸಾಹಸ ಬರೆಯುತ್ತಾರೆ, ಮತ್ತೆ ಇತರರ ಸಾಹಸಗಳಲ್ಲಿ ತಮ್ಮ ಪಾತ್ರಕ್ಕೊಂದು ಸಣ್ಣ ಜಾಗ ಕಂಡುಕೊಳ್ಳುತ್ತಾರೆ. ಆಟ ಶುರುವಾಗುವ ಹೊತ್ತಿಗೆ ಎಲ್ಲರೂ ಹೇಗೋ ಪರಸ್ಪರ ಪರಿಚಿತರು. ಅದನ್ನೇ ಎರವಲು ಪಡೆದು ಸೆಷನ್ ಝೀರೋದಲ್ಲಿ, ಅಂದರೆ ಆಟಕ್ಕೆ ಮುಂಚಿನ ಮಾತುಕತೆಯಲ್ಲಿ, ಎಲ್ಲರನ್ನೂ ಕೇಳಿದೆ: ಕೋಟೆ ಬಿದ್ದ ರಾತ್ರಿ ನಿಮ್ಮ ಪಾತ್ರ ಎಲ್ಲಿತ್ತು?

ರೋಗ್, ಅಂದರೆ ಕಳ್ಳನಂಥ ಚತುರ ಪಾತ್ರ, ಆಡುವವರು "ಬಹುದೂರ" ಎಂದರು. ಒಪ್ಪಿಕೊಂಡೆವು, ಎಲ್ಲರನ್ನೂ ಒಂದೇ ಗಂಟಿಗೆ ಕಟ್ಟಬೇಕಿಲ್ಲ. ಕ್ಲೆರಿಕ್ ಆಡುವವರು ತಮ್ಮ ಮೂರು ಸಾಲು ನೋಡಿಕೊಂಡು ಹೇಳಿದರು: "ನಾನು ಬಾಗಿಲ ಹೊರಗಿದ್ದೆ." ನಾಲ್ಕನೆಯ ಸಾಲು ಅಲ್ಲೇ ಹುಟ್ಟಿತು. ಸಾವು ಬೆನ್ನಟ್ಟಿ ಬರುತ್ತಿದ್ದಾಗ ಯಾರೋ ಬಾಗಿಲು ತೆರೆದರು; ಅದು ದೇವರ ಕೃಪೆಯೆಂದು ನಂಬಿ ಆ ಕ್ಲೆರಿಕ್ ದೀಕ್ಷೆ ತೆಗೆದುಕೊಂಡಿದ್ದಾಳೆ. ಬಾಗಿಲು ತೆರೆದವನ ಮುಖವನ್ನು ಅವಳು ಕಂಡಿಲ್ಲ. ವರೇಕ್ ಯಾವುದನ್ನು ಪಾಪವೆಂದು ಹೊತ್ತುಕೊಂಡು ತಿರುಗುತ್ತಿದ್ದಾನೋ ಅದನ್ನೇ ಅವಳು ಪವಾಡವೆಂದು ಪೂಜಿಸುತ್ತಿದ್ದಾಳೆ. ಆಟಗಾರರಿಬ್ಬರಿಗೂ ಇದು ಗೊತ್ತು, ಪಾತ್ರಗಳಿಗೆ ಗೊತ್ತಿಲ್ಲ. ಆ ಹೊತ್ತಿಗೆ ಮೇಜಿನ ಸುತ್ತ ಎಲ್ಲರೂ ಮುಂದಕ್ಕೆ ಬಾಗಿ ಕುಳಿತಿದ್ದರು.

ಅದೇ ಮಾತುಕತೆಯಲ್ಲಿ ಮಿತಿಗಳನ್ನೂ ಗೊತ್ತು ಮಾಡಿದೆವು. ಮಕ್ಕಳಿಗೆ ಆಗುವ ಹಿಂಸೆಯನ್ನು ಕಣ್ಣೆದುರು ವರ್ಣಿಸಬಾರದು ಎಂದು ಒಬ್ಬರು ಕೇಳಿಕೊಂಡರು. ಅಳುತ್ತಿದ್ದ ಮಗು ಕೋಟೆ ಬಿದ್ದ ಮೇಲೂ ಬದುಕಿದೆ ಎಂದು ಅಲ್ಲೇ ತೀರ್ಮಾನಿಸಿದೆವು.

ಕೊನೆಯ ರೂಪ

ಆಟಗಾರ್ತಿ ಮತ್ತೆ ಬರೆದು ತಂದದ್ದನ್ನು ಅವರ ಒಪ್ಪಿಗೆಯಿಂದ ಪೂರ್ತಿಯಾಗಿ ಕೊಡುತ್ತಿದ್ದೇನೆ:

"ನನ್ನ ಹೆಸರು ವರೇಕ್. ಗಡಿಕೋಟೆಯ ಉತ್ತರ ಬಾಗಿಲಿಗೆ ಕಾವಲಿದ್ದೆ. ಯಾರಿಗೂ ತೆರೆಯಬೇಡ ಎಂದು ದಳಪತಿ ಓಸ್ವಿನ್ ಹೇಳಿದ್ದರು. ನಡುರಾತ್ರಿ ಹೊರಗೆ ಜನ ಬಂದು ಅತ್ತರು. ನಾನು ಬಹಳ ಹೊತ್ತು ಕಿವಿ ಮುಚ್ಚಿಕೊಂಡಿದ್ದೆ. ಆಮೇಲೆ ಒಂದು ಮಗುವಿನ ದನಿ ಕೇಳಿತು, ಅಗುಳಿ ತೆಗೆದೆ. ಒಳಗೆ ಬಂದವರನ್ನು ಎಣಿಸಲಿಲ್ಲ. ಬೆಳಗಿನ ಜಾವ ಬುರುಜಿನ ಮೇಲೆ ಯಾರೋ ದೀಪ ಆಡಿಸಿದರು, ಹೊರಗಿನ ದಂಡು ನೇರ ನನ್ನ ಬಾಗಿಲಿಗೆ ಬಂತು. ನನ್ನ ಜೊತೆಯವರಲ್ಲಿ ಹೆಚ್ಚಿನವರು ನಿದ್ದೆಯಲ್ಲೇ ಸತ್ತರು. ವಿಚಾರಣೆಯಲ್ಲಿ ದಳಪತಿ ಸುಳ್ಳು ಹೇಳಿ ನನ್ನನ್ನು ಉಳಿಸಿದರು. ಅವರ ಮುಖ ನೋಡಲಾಗದೆ ಓಡಿ ಬಂದೆ. ಲಾಂಛನ ಇನ್ನೂ ನನ್ನ ಎದೆಯ ಮೇಲಿದೆ. ತಂಗಿ ಇಲ್ಯಾ ಪತ್ರ ಬರೆದಿದ್ದಾಳೆ, ಏನೆಂದು ಉತ್ತರ ಬರೆಯಲಿ? ಬಿಟ್ಟುಹೋದ ಗಂಟೊಂದರಲ್ಲಿ ಈ ಬಾವುಟದ ತುಂಡು ಸಿಕ್ಕಿತು. ದೀಪ ಆಡಿಸಿದವರು ಯಾರು ಎಂದು ತಿಳಿಯಬೇಕು. ತಿಳಿಯುವುದು ಬೇಡ ಎಂದೂ ಅನಿಸುತ್ತದೆ."

ಕೊನೆಯ ಎರಡು ವಾಕ್ಯಗಳನ್ನು ನೋಡಿ. ಸೇಡಿನ ಪ್ರತಿಜ್ಞೆಗೆ ಒಂದೇ ದಿಕ್ಕು. ಇಲ್ಲಿ ಆಸೆಯೂ ಅಂಜಿಕೆಯೂ ಒಂದೇ ವಸ್ತುವಿನ ಮೇಲೆ ನಿಂತಿವೆ. ಇಂಥ ಪಾತ್ರವನ್ನು ಡಿಎಂ ತಳ್ಳಬೇಕಿಲ್ಲ, ಅದು ತಾನೇ ನಡೆಯುತ್ತದೆ. ಮತ್ತೆ ದೀಪ ಆಡಿಸಿದವರ ಹೆಸರನ್ನು ಆಟಗಾರ್ತಿ ಬರೆದಿಲ್ಲ. ಆ ಖಾಲಿ ಜಾಗ ನನಗೆ ಬಿಟ್ಟದ್ದು. ಎಲ್ಲವನ್ನೂ ತಾವೇ ತುಂಬಿಸಿ ತಂದರೆ ಡಿಎಂಗೆ ಓದುವುದಷ್ಟೇ ಕೆಲಸ. ಒಂದು ಪ್ರಶ್ನೆ ಬಿಟ್ಟರೆ ಇಬ್ಬರೂ ಸೇರಿ ಕಟ್ಟುತ್ತಾರೆ.

ಮೇಜಿನ ಮೇಲೆ

ಓಸ್ವಿನ್ ಬಂದದ್ದು ಗಡಿಯ ಒಂದು ಶಿಬಿರದಲ್ಲಿ. ತಂಡಕ್ಕೆ ಕುದುರೆಗಳು ಬೇಕಿದ್ದವು. ವರೇಕ್ ಲಾಂಛನ ತೋರಿಸಿ ಕೇಳಿದ, ಠಾಣೆಯ ಸೈನಿಕರು ಸಲಾಮು ಹೊಡೆದರು. ಲಾಯದಿಂದ ಜೀನು ಹೊತ್ತು ತಂದ ಆಳು ಓಸ್ವಿನ್. ಅವನು ಏನನ್ನೂ ಹೇಳಲಿಲ್ಲ. ಜೀನು ಬಿಗಿದು, ಕಡಿವಾಣವನ್ನು ವರೇಕ್‌ನ ಕೈಗೆ ಕೊಟ್ಟು, "ಸಂಜೆಯೊಳಗೆ ಹಿಂದಕ್ಕೆ ತಂದುಬಿಡಿ, ಸ್ವಾಮಿ" ಎಂದ. ಒಂದು ಕಾಲದಲ್ಲಿ ತಾನೇ ಆಜ್ಞೆ ಕೊಡುತ್ತಿದ್ದ ಹುಡುಗನಿಗೆ ಅವನು "ಸ್ವಾಮಿ" ಎಂದದ್ದು ಆಟಗಾರ್ತಿಯನ್ನು ಎಷ್ಟು ತಟ್ಟಿತೆಂದರೆ, ಅಂದು ವರೇಕ್ ಕುದುರೆ ಹತ್ತಲಿಲ್ಲ. ತಂಡದವರೆಲ್ಲ ಸವಾರಿ ಮಾಡಿದರು, ಅವನು ಪಕ್ಕದಲ್ಲಿ ನಡೆದ. ಏಕೆಂದು ಕೇಳಿದ ರೋಗ್‌ಗೆ ಉತ್ತರ ಸಿಗಲಿಲ್ಲ.

ದೊಡ್ಡ ಪ್ರಸಂಗ ಬಂದದ್ದು ಆಮೇಲೆ. ನೋಲ್ ಎಂಬ ಕತ್ತೆಕಿರುಬದ ಮುಖದ ರಕ್ಕಸರ ಹಿಂಡು ಬೆನ್ನಟ್ಟಿದಾಗ ತಂಡ ಒಂದು ಹಳೆಯ ಸುಂಕದ ಕಟ್ಟೆಯೊಳಗೆ ಸೇರಿ ಬಾಗಿಲು ಹಾಕಿಕೊಂಡಿತು. ನಡುರಾತ್ರಿ ಹೊರಗಿನಿಂದ ಮನುಷ್ಯರ ದನಿ: "ತೆಗೆಯಿರಿ, ನಾವು ದಾರಿಹೋಕರು." ಯಾರಾದರೂ ಒಳನೋಟದ ದಾಳ ಹಾಕಿ, ಹೊರಗಿನವರ ಮಾತು ನಿಜವೋ ಸುಳ್ಳೋ ಕಂಡುಕೊಳ್ಳಬಹುದಿತ್ತು. ಬಾಗಿಲ ಬಳಿ ನಿಂತಿದ್ದವನು ವರೇಕ್. ಆಟಗಾರ್ತಿಯ ಕೈಯಲ್ಲಿ 20 ಮುಖದ ದಾಳವಿತ್ತು. ಅವರು ಅದನ್ನು ಮೇಜಿನ ಮೇಲೆ ಇಟ್ಟುಬಿಟ್ಟರು.

"ದಾಳ ಬೇಡ. ಅವನಿಗೆ ತಿಳಿಯುವುದಿಲ್ಲ. ಆ ರಾತ್ರಿಯೂ ತಿಳಿದಿರಲಿಲ್ಲ."

ರೋಗ್ "ತೆಗೆಯಬೇಡ" ಎಂದ. ವರೇಕ್‌ನ ಆದರ್ಶವೂ ಅದನ್ನೇ ಹೇಳುತ್ತಿತ್ತು. ಆಗ ಕ್ಲೆರಿಕ್ ಆಡುವವರು, ಯಾರ ಒತ್ತಾಯವೂ ಇಲ್ಲದೆ, ತಮ್ಮ ಪಾತ್ರದ ಬಾಯಲ್ಲಿ ಹೇಳಿದರು: "ಒಮ್ಮೆ ನಾನೂ ಹೀಗೇ ಹೊರಗೆ ನಿಂತಿದ್ದೆ. ಯಾರೋ ತೆಗೆದರು. ಅವರು ಯಾರೆಂದು ಗೊತ್ತಿದ್ದರೆ ಅವರ ಕಾಲಿಗೆ ಬೀಳುತ್ತಿದ್ದೆ."

ವರೇಕ್ ಬಾಗಿಲು ತೆಗೆದ. ಆದರೆ ಈ ಸಲ ಕತ್ತಿ ಹಿರಿದು ಹೊಸ್ತಿಲಲ್ಲೇ ನಿಂತು, ಒಳಗೆ ಬರುವ ಒಬ್ಬೊಬ್ಬರನ್ನೂ ಜೋರಾಗಿ ಎಣಿಸಿದ. ಹಿಂದಿನ ಬಾರಿ ಎಣಿಸಿರಲಿಲ್ಲವಲ್ಲ. ಆ ಎಣಿಕೆಯನ್ನು ನಾನು ಸೂಚಿಸಿರಲಿಲ್ಲ, ಯಾರೂ ಯೋಜಿಸಿರಲಿಲ್ಲ. ಪೂರ್ವಕಥೆಯ ಒಂದು ಸಣ್ಣ ವಾಕ್ಯದಿಂದ ಆಟಗಾರ್ತಿ ಅದನ್ನು ಅಲ್ಲೇ ಹೊರತೆಗೆದರು. ಐದನೇ ಆವೃತ್ತಿಯಲ್ಲಿ ಸ್ವಭಾವಕ್ಕೆ ತಕ್ಕಂತೆ ಆಡಿದವರಿಗೆ ಡಿಎಂ ಇನ್‌ಸ್ಪಿರೇಷನ್ ಕೊಡಬಹುದು. ಅದನ್ನು ಬಳಸಿದರೆ ಒಂದು ಪ್ರಯತ್ನಕ್ಕೆ ಎರಡು ದಾಳ ಹಾಕಿ ದೊಡ್ಡದನ್ನು ಇಟ್ಟುಕೊಳ್ಳಬಹುದು. ವರೇಕ್‌ಗೂ ಕೊಟ್ಟೆ, ಕ್ಲೆರಿಕ್‌ಗೂ ಕೊಟ್ಟೆ.

ದೀಪ ಆಡಿಸಿದವರು

ಖಾಲಿ ಬಿಟ್ಟ ಪ್ರಶ್ನೆಗೆ ಉತ್ತರ ಕೊಡುವ ಹೊಣೆ ನನ್ನದಾಗಿತ್ತು. ಎಲ್ಲಕ್ಕಿಂತ ಸುಲಭದ ಉತ್ತರ ಹೀಗಿತ್ತು: ದೀಪ ಆಡಿಸಿದವನು ಕೋಟೆಯೊಳಗಿದ್ದ ಒಬ್ಬ ದ್ರೋಹಿ, ನಿರಾಶ್ರಿತರು ನಿರಪರಾಧಿಗಳು, ವರೇಕ್‌ನದು ಎಳ್ಳಷ್ಟೂ ತಪ್ಪಿಲ್ಲ. ಇದು ಎಲ್ಲರಿಗೂ ಸಮಾಧಾನ ಕೊಡುತ್ತಿತ್ತು. ನಾನು ಅದನ್ನು ಬೇಡವೆಂದೆ. ಪಾತ್ರ ಮಾಡಿದ ಕೆಲಸದ ಭಾರವನ್ನು ಡಿಎಂ ಹಿಂಬಾಗಿಲಿಂದ ಬಂದು ಇಳಿಸಿದರೆ, ಆ ಪಾತ್ರ ಅಲ್ಲಿಯವರೆಗೆ ಪಟ್ಟ ಪಾಡೆಲ್ಲ ತಪ್ಪು ತಿಳಿವಳಿಕೆ ಎಂದಾಗುತ್ತದೆ. ಆದ್ದರಿಂದ ದೀಪ ಆಡಿಸಿದವಳು ನಿಜಕ್ಕೂ ಆ ಬಾಗಿಲಿಂದ ಒಳಗೆ ಬಂದವಳೇ. ಅವಳ ಗಂಡ ಶತ್ರುವಿನ ಸೆರೆಯಲ್ಲಿದ್ದ, ದೀಪ ಆಡಿಸಿದರೆ ಬಿಡುತ್ತೇವೆ ಎಂದಿದ್ದರು. ಆ ರಾತ್ರಿ ಅತ್ತ ಮಗು ಅವಳದೇ.

ಇದು ಹೊರಬಿದ್ದಾಗ ಆಟಗಾರ್ತಿ ವರೇಕ್‌ನ ಬಾಯಲ್ಲಿ ಆ ಹೆಂಗಸಿಗೆ ಕೇಳಿದ ಮೊದಲ ಪ್ರಶ್ನೆ ಸೇಡಿನದಲ್ಲ: "ಅವರು ನಿನ್ನ ಗಂಡನನ್ನು ಬಿಟ್ಟರೇ?" ಬಿಟ್ಟಿರಲಿಲ್ಲ. ಕ್ಲೆರಿಕ್‌ಗೆ ನಿಜ ಗೊತ್ತಾದದ್ದೂ ಆ ಸೆಷನ್‌ನಲ್ಲೇ. ಅವಳು ಕಾಲಿಗೆ ಬೀಳಲಿಲ್ಲ, ಕೋಪಿಸಿಕೊಂಡಳು. ಇಷ್ಟು ದಿನ ಜೊತೆಗಿದ್ದೂ ಮುಚ್ಚಿಟ್ಟೆಯಲ್ಲ ಎಂಬುದು ಅವಳ ತಕರಾರು. ಇಬ್ಬರು ಆಟಗಾರರೂ ಆ ಜಗಳವನ್ನು ಬಹಳ ಹೊತ್ತು ಆಡಿದರು. ನಾನು ನಡುವೆ ಬಾಯಿ ಹಾಕಲಿಲ್ಲ.

ಬಳಕೆಯಾಗದೆ ಉಳಿದದ್ದು

ಇಲ್ಯಾ ಆಟದಲ್ಲಿ ಒಮ್ಮೆಯೂ ಕಾಣಿಸಿಕೊಳ್ಳಲಿಲ್ಲ. ಕ್ಯಾಂಪೇನ್, ಅಂದರೆ ಹಲವು ಸೆಷನ್‌ಗಳ ಇಡೀ ಕಥೆ, ಬೇರೆ ದಿಕ್ಕಿಗೆ ಹೊರಳಿತು, ಅವಳ ಹಳ್ಳಿಗೆ ಯಾರೂ ಹೋಗಲಿಲ್ಲ. ಪೂರ್ವಕಥೆಯ ಪ್ರತಿ ಎಳೆಯನ್ನೂ ಡಿಎಂ ಎಳೆಯಲೇಬೇಕೆಂಬ ನಿರೀಕ್ಷೆ ಆಟಗಾರರಲ್ಲಿ ಇರುತ್ತದೆ. ಮೂರು ಎಳೆ ಕೊಟ್ಟರೆ ಎರಡು ಬಳಕೆಯಾದೀತು ಎಂದು ಮೊದಲೇ ಹೇಳಿಬಿಡುವುದು ಒಳ್ಳೆಯದು. ಅದಕ್ಕೇ ಮೂರು ಕೇಳುತ್ತೇನೆ, ಹತ್ತು ಕೇಳುವುದಿಲ್ಲ.

ಆದರೂ ಆ ಪತ್ರ ವ್ಯರ್ಥವಾಗಲಿಲ್ಲ. ಶೀಟ್‌ನ ಸಾಮಾನುಗಳ ಪಟ್ಟಿಯಲ್ಲಿ ಅದು ಕೊನೆಯವರೆಗೂ ಇತ್ತು. ತಂಡ ರಾತ್ರಿ ತಂಗಿದಾಗಲೆಲ್ಲ ಆಟಗಾರ್ತಿ ಉತ್ತರದ ಒಂದು ಸಾಲು ಬರೆಯುತ್ತಿದ್ದರು, ಬಹಳಷ್ಟು ಸಲ ಹೊಡೆದುಹಾಕುತ್ತಿದ್ದರು. ಕ್ಯಾಂಪೇನ್ ಮುಗಿದ ಮೇಲೆ ಅದನ್ನು ನನಗೆ ಕೊಟ್ಟು, ಮುಂದಿನ ಕ್ಯಾಂಪೇನ್‌ನಲ್ಲಿ ತಾವು ಇಲ್ಯಾಳನ್ನೇ ಆಡಬಹುದೇ ಎಂದು ಕೇಳಿದರು. ಒಪ್ಪಿದ್ದೇನೆ. ಅವಳ ಪೂರ್ವಕಥೆಗೂ ಒಂದೇ ಪುಟದ ಮಿತಿ, ಅದರಲ್ಲಿ ಅವಳು ತಾನಾಗಿ ಮಾಡಿದ ಒಂದು ಕೆಲಸ ಇರಲೇಬೇಕು ಎಂದು ಹೇಳಿದ್ದೇನೆ.